ಸಂಪಿನ ಮುಚ್ಚಳ ತೆಗೆದು ನೋಡದೆ ಫಿಲ್ಟರ್ ಕೊಳ್ಳಬೇಡಿ

ಜಯನಗರ, ಬನಶಂಕರಿ ಕಡೆಯ ಮನೆಗಳಲ್ಲಿ ಬಹಳ ಜನ ಈ ಪ್ರದರ್ಶನವನ್ನು ನೋಡಿರುತ್ತಾರೆ. ಫಿಲ್ಟರ್ ಮಾರಲು ಬಂದ ಹುಡುಗ ಎರಡು ಗಾಜಿನ ಲೋಟ ಕೇಳುತ್ತಾನೆ. ಒಂದಕ್ಕೆ ಅಡುಗೆಮನೆಯ ನಲ್ಲಿಯ ನೀರು, ಇನ್ನೊಂದಕ್ಕೆ ತಾನೇ ಬಾಟಲಿಯಲ್ಲಿ ತಂದ ಆರ್‌ಒ ನೀರು. ಲೋಹದ ಕಡ್ಡಿಗಳಿರುವ ಪುಟ್ಟ ಉಪಕರಣವನ್ನು ಎರಡೂ ಲೋಟಗಳಿಗೆ ಇಳಿಸಿ ಸ್ವಿಚ್ ಒತ್ತುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ನಲ್ಲಿ ನೀರು ತುಕ್ಕಿನ ಬಣ್ಣಕ್ಕೆ ತಿರುಗಿ, ಮೇಲೆ ಕಂದು ಕೆನೆ ಕಟ್ಟುತ್ತದೆ. ಆರ್‌ಒ ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ. ‘ನೋಡಿ ಆಂಟಿ, ದಿನಾ ಮಕ್ಕಳಿಗೆ ಇದನ್ನೇ ಕುಡಿಸ್ತಿದ್ದೀರಿ’ ಎನ್ನುತ್ತಾನೆ. ಆ ಮಾತು ಕೇಳಿದ ಮೇಲೆ ಯಾವ ತಾಯಿಯೂ ಸುಮ್ಮನಿರಲಾರಳು.

ಆದರೆ ಆ ಕಂದು ಕೊಳೆ ನೀರಿನಲ್ಲಿ ಇದ್ದದ್ದಲ್ಲ, ಕಡ್ಡಿಯಿಂದ ಬಂದದ್ದು. ವಿದ್ಯುತ್ ಹರಿದಾಗ ಕಡ್ಡಿಯ ಕಬ್ಬಿಣ ಕರಗಿ ನೀರಿನಲ್ಲಿ ತುಕ್ಕಾಗುತ್ತದೆ. ವಿದ್ಯುತ್ ಹರಿಯಬೇಕಾದರೆ ನೀರಿನಲ್ಲಿ ಲವಣಾಂಶ ಇರಬೇಕು. ಆರ್‌ಒ ನೀರಿನಲ್ಲಿ ಅದು ತೀರಾ ಕಡಿಮೆ, ಹಾಗಾಗಿ ಕಡ್ಡಿ ಕರಗುವುದಿಲ್ಲ. ಅದೇ ಆರ್‌ಒ ನೀರಿಗೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಕಡ್ಡಿ ಇಳಿಸಿದರೆ ಅದೂ ಕಂದಾಗುತ್ತದೆ. ಎಳನೀರಿಗೆ ಇಳಿಸಿದರೂ ಹಾಗೇ ಆದೀತು. ಈ ಪ್ರಯೋಗದಿಂದ ಗೊತ್ತಾಗುವುದು ಒಂದೇ: ನಲ್ಲಿ ನೀರಿನಲ್ಲಿ ಲವಣಗಳಿವೆ. ಅದು ಕಾಯಿಲೆ ತರುವ ನೀರೋ ಅಲ್ಲವೋ ಎಂಬುದು ಇದರಿಂದ ತಿಳಿಯುವುದಿಲ್ಲ.

ಪೆನ್ನಿನಂತಿರುವ ಟಿಡಿಎಸ್ ಮೀಟರಿನದೂ ಇದೇ ಕಥೆ. ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಕ್ಲೋರೈಡ್ ಮುಂತಾದ ಎಲ್ಲ ಲವಣಗಳ ಒಟ್ಟು ಪ್ರಮಾಣವನ್ನು, ವಿದ್ಯುತ್ ಎಷ್ಟು ಸಲೀಸಾಗಿ ಹರಿಯಿತು ಎಂಬುದರ ಮೇಲೆ ಅದು ಅಂದಾಜು ಮಾಡುತ್ತದೆ. ಕುಡಿಯುವ ನೀರಿಗೆ ನಮ್ಮ ದೇಶದ ಮಾನದಂಡವಾದ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ; ಬೇರೆ ಮೂಲವೇ ಇಲ್ಲದ ಕಡೆ 2,000ದವರೆಗೂ ನಡೆಯುತ್ತದೆ. ನಲ್ಲಿಯಲ್ಲಿ ಬರುವ ಕಾವೇರಿ ನೀರು ಸಾಮಾನ್ಯವಾಗಿ ಆ 500ರ ಗೆರೆಗಿಂತ ಸಾಕಷ್ಟು ಕೆಳಗೇ ಇರುತ್ತದೆ. ಕಾಲರಾ, ಟೈಫಾಯ್ಡ್, ಕಾಮಾಲೆ ತರುವ ರೋಗಾಣುಗಳು ಅದೇ ಲೋಟದಲ್ಲಿ ಇದ್ದರೂ ಮೀಟರಿನ ಅಂಕಿ ಬದಲಾಗುವುದಿಲ್ಲ. ಸೀಸಕ್ಕೆ ಇರುವ ಮಿತಿ ಲೀಟರಿಗೆ 0.01 ಮಿಲಿಗ್ರಾಂ. ಅದರ ಹತ್ತು ಪಟ್ಟು ಸೀಸ ಸೇರಿದರೂ ಆ ಮೀಟರಿಗೆ ಅರಿವಾಗದು. ದಕ್ಷಿಣ ಬೆಂಗಳೂರಿನ ಸಾವಿರಾರು ಕುಟುಂಬಗಳು ಹತ್ತಿಪ್ಪತ್ತು ಸಾವಿರ ರೂಪಾಯಿಯ ನಿರ್ಧಾರವನ್ನು ಈ ಒಂದು ಅಂಕಿ ನೋಡಿ ಮಾಡುತ್ತವೆ. ನಿಜವಾದ ಅಪಾಯ ಬೇರೆಲ್ಲೋ ಇರುತ್ತದೆ.

ಅದು ಎಲ್ಲಿದೆ ಎಂದು ತಿಳಿಯಲು ನೀರು ಬಂದ ದಾರಿಯನ್ನು ಹಿಡಿದು ಹಿಂದಕ್ಕೆ ಹೋಗಬೇಕು. ಬೆಂಗಳೂರಿಗೆ ಕಾವೇರಿ ಬಂದದ್ದು 1974ರಲ್ಲಿ. ಅದಕ್ಕೂ ಮೊದಲು ಅರ್ಕಾವತಿಯ ಹೆಸರಘಟ್ಟ ಮತ್ತು ತಿಪ್ಪಗೊಂಡನಹಳ್ಳಿ ಊರಿನ ಬಾಯಾರಿಕೆ ನೀಗುತ್ತಿದ್ದವು. ಈಗ ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಲ್ಲಿ ನೀರನ್ನು ಶುದ್ಧ ಮಾಡಿ, ಅಲ್ಲಿಂದ ಹಾರೋಹಳ್ಳಿ, ತಾತಗುಣಿ ಪಂಪ್‌ಹೌಸ್‌ಗಳ ಮೂಲಕ ಮೂರು ಹಂತದಲ್ಲಿ ಮೇಲೆತ್ತಲಾಗುತ್ತದೆ. ದೂರ ಸುಮಾರು 100 ಕಿಲೋಮೀಟರ್, ಎತ್ತಬೇಕಾದ ಎತ್ತರ ಸುಮಾರು 500 ಮೀಟರ್. 2024ರ ಅಕ್ಟೋಬರ್‌ನಲ್ಲಿ ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ಸೇರಿತು. ಕೊಳವೆಗಳು ಕನಕಪುರ ರಸ್ತೆಯ ದಿಕ್ಕಿನಿಂದ ಊರು ಹೊಗುವುದರಿಂದ ಬನಶಂಕರಿ, ಜೆ.ಪಿ. ನಗರ, ಜಯನಗರಗಳು ಈ ನೀರಿಗೆ ಹತ್ತಿರದ ನೆಂಟರು.

ತೊರೆಕಾಡನಹಳ್ಳಿಯಲ್ಲಿ ನೀರಿಗೆ ಗಾಳಿಯಾಡಿಸಿ, ಪಟಿಕದಂಥ ರಾಸಾಯನಿಕ ಬೆರೆಸಿ ಕೆಸರನ್ನು ಗಂಟು ಕಟ್ಟಿಸಿ ತಳಕ್ಕೆ ಇಳಿಸುತ್ತಾರೆ. ಆಮೇಲೆ ಮರಳಿನ ಪದರಗಳ ಮೂಲಕ ಸೋಸಿ ಕ್ಲೋರಿನ್ ಹಾಕುತ್ತಾರೆ. ಕ್ಲೋರಿನ್ನಿನ ಕೆಲಸ ಅಲ್ಲಿಗೇ ಮುಗಿಯುವುದಿಲ್ಲ. ದಾರಿಯುದ್ದಕ್ಕೂ ಸಿಗುವ ರೋಗಾಣುಗಳನ್ನು ಕೊಲ್ಲಲು ಅದರ ಒಂದಿಷ್ಟು ಅಂಶ ನೀರಿನ ಜೊತೆಗೇ ಮನೆಯವರೆಗೆ ಬರಬೇಕು. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ನಲ್ಲಿಯಲ್ಲಿ ಉಳಿದಿರಬೇಕೆಂದು ಮಾನದಂಡ ಹೇಳುತ್ತದೆ. ನಲ್ಲಿ ನೀರಿನಲ್ಲಿ ಸಣ್ಣಗೆ ಬ್ಲೀಚಿಂಗ್ ವಾಸನೆ ಬಂದರೆ ಮೂಗು ಮುರಿಯುವವರಿದ್ದಾರೆ. ಆ ವಾಸನೆ ಒಳ್ಳೆಯ ಸುದ್ದಿ. ಪಾತ್ರೆಯಲ್ಲಿ ಸ್ವಲ್ಪ ಹೊತ್ತು ತೆರೆದಿಟ್ಟರೆ ಅದು ತಾನಾಗಿಯೇ ಹಾರಿಹೋಗುತ್ತದೆ.

ನದಿಯಲ್ಲಿ ತೊಂದರೆಗಳಿಲ್ಲವೆಂದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಉಪೇಂದ್ರ ನೋಂಗ್ತೊಂಬ ಅವರ ತಂಡ 2022ರಲ್ಲಿ ಪ್ರಕಟಿಸಿದ ಅಧ್ಯಯನವು ಕೃಷ್ಣರಾಜಸಾಗರದ ಬಳಿಯ ಕಾವೇರಿ ನೀರಿನಲ್ಲಿ ಪ್ಲಾಸ್ಟಿಕ್ಕಿನ ಸೂಕ್ಷ್ಮ ಕಣಗಳನ್ನು ಗುರುತಿಸಿ, ಆ ನೀರು ಮೀನುಗಳ ಮೇಲೆ ಮಾಡುವ ಪರಿಣಾಮವನ್ನು ಪರೀಕ್ಷಿಸಿತ್ತು. ಕಾವೇರಿಯ ಕೆಳಹರಿವಿನಲ್ಲಿ ಔಷಧಗಳ ಅಂಶ ಸಿಕ್ಕಿದ್ದನ್ನು ಐಐಟಿ ಮದ್ರಾಸ್‌ನ ಸಂಶೋಧಕರು ವರದಿ ಮಾಡಿದ್ದಾರೆ. ಇವು ಸರ್ಕಾರ ಗಂಭೀರವಾಗಿ ಕೈಗೆತ್ತಿಕೊಳ್ಳಬೇಕಾದ ಸಂಗತಿಗಳು. ಆದರೆ ನಾಳೆ ಬೆಳಿಗ್ಗೆ ಮನೆಯ ಮಗುವಿಗೆ ಭೇದಿ ಶುರುವಾದರೆ ಅದಕ್ಕೆ ಕಾರಣ ಕೃಷ್ಣರಾಜಸಾಗರದಲ್ಲಿ ಇರುವುದಿಲ್ಲ, ಮನೆಯ ಮುಂದಿನ ಐವತ್ತು ಅಡಿಯೊಳಗೇ ಇರುತ್ತದೆ.

ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಹೆಚ್ಚಿನ ಬೀದಿಗಳಲ್ಲಿ ದಿನ ಬಿಟ್ಟು ದಿನ, ವಾಲ್ವ್ ತಿರುಗಿಸಿದಷ್ಟು ಹೊತ್ತು ಮಾತ್ರ. ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುವಾಗ ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ, ಹೊರಗಿನದು ಒಳಗೆ ಬರುವುದಿಲ್ಲ. ವಾಲ್ವ್ ಮುಚ್ಚಿದ ಮೇಲೆ ಒತ್ತಡ ಇಳಿದು, ಅದೇ ಬಿರುಕಿನಿಂದ ಹೊರಗಿನ ತೇವ ಒಳಕ್ಕೆ ಸೆಳೆಯಲ್ಪಡುತ್ತದೆ. ಪಕ್ಕದಲ್ಲೇ ಒಳಚರಂಡಿಯ ಕೊಳವೆ ಸೋರುತ್ತಿದ್ದರೆ ಒಳಗೆ ಬರುವುದು ಕೊಳಚೆ. ಜಯನಗರದಂಥ ಹಳೆಯ ಬಡಾವಣೆಯಲ್ಲಿ ದಶಕಗಳ ಹಿಂದೆ ಹೂತ ಕೊಳವೆಗಳ ಮೇಲೆ ಆಮೇಲೆ ಎಷ್ಟು ಸಲ ಅಗೆತ ನಡೆದಿದೆ! ಕೇಬಲ್ಲಿಗೆ ಒಮ್ಮೆ, ಗ್ಯಾಸ್ ಪೈಪಿಗೆ ಒಮ್ಮೆ, ವೈಟ್‌ಟಾಪಿಂಗಿಗೆ ಇನ್ನೊಮ್ಮೆ. ಪ್ರತಿ ಅಗೆತದಲ್ಲೂ ಎಲ್ಲೋ ಒಂದು ಮನೆಯ ಸಂಪರ್ಕಕ್ಕೆ ಪೆಟ್ಟು ಬಿದ್ದಿರುತ್ತದೆ.

ಇನ್ನೊಂದು ತಪ್ಪನ್ನು ನಾವೇ ಮಾಡುತ್ತೇವೆ. ಒತ್ತಡ ಸಾಲದೆಂದು ಜಲಮಂಡಳಿಯ ಕೊಳವೆಗೇ ನೇರವಾಗಿ ಮೋಟಾರು ಕೂರಿಸಿ ನೀರೆಳೆಯುವ ಮನೆಗಳು ಪ್ರತಿ ಬೀದಿಯಲ್ಲೂ ಇವೆ. ಇದು ಕಾನೂನಿಗೆ ವಿರುದ್ಧ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಮೋಟಾರು ಬೀದಿಯ ಕೊಳವೆಯನ್ನೇ ಹೀರುತ್ತದೆ. ಎಲ್ಲೆಲ್ಲಿ ಬಿರುಕಿದೆಯೋ ಅಲ್ಲೆಲ್ಲ ಕೊಳಚೆಯನ್ನು ಒಳಗೆಳೆದು, ಪಕ್ಕದ ಮನೆಯವರ ಸಂಪಿಗೂ ಹಂಚುತ್ತದೆ. ನೆರೆಮನೆಯ ಮಗುವಿನ ಹೊಟ್ಟೆನೋವಿಗೆ ನಮ್ಮ ಮೋಟಾರು ಕಾರಣವಾಗಬಹುದು ಎಂಬ ಅರಿವು ಎಲ್ಲರಿಗೂ ಇರಬೇಕು.

ನೀರು ಬಂದು ಬೀಳುವುದು ಸಂಪಿಗೆ. ಮೂವತ್ತು–ನಲವತ್ತರ ಸೈಟಿನಲ್ಲಿ ಸಂಪಿಗೆ ಜಾಗ ಸಿಗುವುದು ಗೇಟಿನ ಒಳಗೆ, ಕಾರು ನಿಲ್ಲಿಸುವಲ್ಲಿ. ಒಳಚರಂಡಿಯ ಛೇಂಬರು ಕೂಡ ಅಲ್ಲೇ, ನಾಲ್ಕೈದು ಅಡಿ ಆಚೆ. ಮುಚ್ಚಳ ನೆಲಮಟ್ಟಕ್ಕೇ ಇರುತ್ತದೆ. ಕಾರು ತೊಳೆದ ನೀರು, ಜೋರು ಮಳೆಯಲ್ಲಿ ರಸ್ತೆಯಿಂದ ಹಿಮ್ಮೆಟ್ಟಿದ ನೀರು, ನಾಯಿ ಬೆಕ್ಕಿನ ಹೇಲುಚ್ಚೆ ತೊಳೆದ ನೀರು ಎಲ್ಲ ಅದರ ಸಂದಿಗೇ ಇಳಿಯುತ್ತವೆ. ಗೋಡೆಯ ಗಾರೆ ಬಿರಿದಿದ್ದರೆ ಛೇಂಬರಿನ ತೇವ ಸದ್ದಿಲ್ಲದೆ ಒಳಗೆ ಬರುತ್ತದೆ. ಮೇಲಿನ ಟ್ಯಾಂಕಿನ ಮುಚ್ಚಳ ಗಾಳಿಗೆ ಹಾರಿಹೋಗಿ ವರ್ಷವಾಗಿರುತ್ತದೆ, ಪಾರಿವಾಳಗಳು ಅದರ ಅಂಚಿನಲ್ಲಿ ಕೂತಿರುತ್ತವೆ. ಅಡುಗೆಮನೆಯಲ್ಲಿ ಮಾತ್ರ ನೀಲಿ ದೀಪದ, ಏಳು ಹಂತದ ಫಿಲ್ಟರ್ ಹೊಳೆಯುತ್ತಿರುತ್ತದೆ. ಆ ಫಿಲ್ಟರಿನಿಂದ ಬರುವ ನೀರು ಕುಡಿಯಲಿಕ್ಕೆ ಮಾತ್ರ. ಹಲ್ಲುಜ್ಜುವುದು, ಬಾಯಿ ಮುಕ್ಕಳಿಸುವುದು, ತರಕಾರಿ, ಕೊತ್ತಂಬರಿ, ಲೋಟ ತೊಳೆಯುವುದೆಲ್ಲ ಸಂಪಿನ ನೀರಿನಲ್ಲೇ.

ಇದು ಉತ್ಪ್ರೇಕ್ಷೆಯೆಂದು ತಳ್ಳಿಹಾಕುವವರಿಗೆ ನಮ್ಮ ರಾಜ್ಯದ ಈಚಿನ ವರ್ಷಗಳೇ ಉತ್ತರ ಕೊಡುತ್ತವೆ. 2022ರ ಬೇಸಿಗೆಯಲ್ಲಿ ರಾಯಚೂರು ನಗರದಲ್ಲಿ ನಗರಸಭೆಯ ಕಲುಷಿತ ನೀರು ಕುಡಿದು ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಅದೇ ದುರಂತ. 2024ರ ಏಪ್ರಿಲ್‌ನಲ್ಲಿ, ಬೆಂಗಳೂರು ನೀರಿಗಾಗಿ ಪರದಾಡುತ್ತಿದ್ದಾಗಲೇ, ಬೆಂಗಳೂರು ವೈದ್ಯಕೀಯ ಕಾಲೇಜಿನ ಹಾಸ್ಟೆಲ್ಲಿನ ನಲವತ್ತಕ್ಕೂ ಹೆಚ್ಚು ವಿದ್ಯಾರ್ಥಿನಿಯರು ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಕಾಲರಾ ದೃಢಪಟ್ಟ ಪ್ರಕರಣವೂ ಅವರಲ್ಲಿತ್ತು. ನಾಳಿನ ವೈದ್ಯರಾಗುವವರ ಹಾಸ್ಟೆಲ್ಲಿಗೇ ಬಂದ ಕಾಯಿಲೆ ಬಿ.ಟಿ.ಎಂ. ಲೇಔಟಿನ ಪಿ.ಜಿ.ಗೆ ಬರಲಾರದೆ?

ಇಷ್ಟು ಹೊತ್ತು ಹೇಳಿದ್ದು ಕಾವೇರಿ ನೀರಿನ ವಿಷಯ. ಬೋರ್‌ವೆಲ್ಲಿನ ಕಥೆ ಬೇರೆಯೇ. ಲಾಲ್‌ಬಾಗಿನ ಬಂಡೆಯನ್ನು ಕಂಡವರಿಗೆ ದಕ್ಷಿಣ ಬೆಂಗಳೂರಿನ ನೆಲದಡಿ ಏನಿದೆ ಎಂದು ಗೊತ್ತು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯ ಆ ಶಿಲೆಯೇ ಊರಿನ ಅಡಿಪಾಯ. ಅಲ್ಲಿ ನೀರು ಸಿಗುವುದು ಬಂಡೆಯ ಬಿರುಕುಗಳಲ್ಲಿ. ಆ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡು ಗಡಸಾಗುತ್ತದೆ. ನಲ್ಲಿಯ ಬಾಯಲ್ಲಿ ಬಿಳಿ ಪೊರೆ, ಗೀಸರಿನ ಕಾಯಿಲ್ ಸುಡುವುದು, ಸೋಪು ನೊರೆ ಬಾರದಿರುವುದು ಇದರ ಗುರುತು. ಇದು ಕಿರಿಕಿರಿಯೇ ಹೊರತು ಗಡಸುತನವೊಂದರಿಂದಲೇ ಕಾಯಿಲೆ ಬೀಳುವುದಿಲ್ಲ.

ನಿಜವಾಗಿ ಹೆದರಬೇಕಾದದ್ದು ನೈಟ್ರೇಟಿಗೆ. ಸೋರುವ ಒಳಚರಂಡಿ, ಹಳೆಯ ಶೌಚಗುಂಡಿ, ಕೊಳಚೆ ತುಂಬಿದ ಕೆರೆಗಳಿಂದ ಅದು ನೆಲಕ್ಕಿಳಿದು ಅಂತರ್ಜಲ ಸೇರುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ಮಿತಿ ಲೀಟರಿಗೆ 45 ಮಿಲಿಗ್ರಾಂ. ಟಿಡಿಎಸ್‌ಗಿರುವ ಸಡಿಲಿಕೆ ಇದಕ್ಕಿಲ್ಲ. ಕೇಂದ್ರ ಅಂತರ್ಜಲ ಮಂಡಳಿಯ 2024ರ ವರದಿಯಲ್ಲಿ ಕರ್ನಾಟಕದಿಂದ ತೆಗೆದ ಮಾದರಿಗಳ ಪೈಕಿ ಸುಮಾರು ಅರ್ಧದಷ್ಟು ಈ ಮಿತಿ ಮೀರಿದ್ದವು. ನಮ್ಮಂತೆಯೇ ಇರುವ ಇನ್ನೊಂದು ರಾಜ್ಯ ರಾಜಸ್ಥಾನ. ದೊಡ್ಡವರು ಹೇಗೋ ತಾಳಿಕೊಂಡಾರು. ಆರು ತಿಂಗಳೊಳಗಿನ ಕೂಸಿಗೆ ಇಂಥ ನೀರಿನಲ್ಲಿ ಪುಡಿಹಾಲು ಕಲಸಿ ಕೊಟ್ಟರೆ ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಂಡು ಮಗು ನೀಲಿಗಟ್ಟಬಹುದು. ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಅದು ಸಾಂದ್ರವಾಗುತ್ತದೆ. ಮಗುವಿಗೆಂದು ನೀರನ್ನು ಚೆನ್ನಾಗಿ ಕುದಿಸಿಡುವ ಅಜ್ಜಿಗೆ ಇದನ್ನು ಯಾರಾದರೂ ಹೇಳಲೇಬೇಕು.

ಟ್ಯಾಂಕರ್ ನೀರೆಂದರೆ ಬಹುಪಾಲು ಬೋರ್ ನೀರೇ. ಯಾವ ಬೋರು, ಯಾವ ಊರು ಎಂಬುದು ಮಾತ್ರ ದಿನಕ್ಕೊಂದು. 2024ರ ಮಾರ್ಚ್‌ನಲ್ಲಿ ನಗರದ ಸುಮಾರು 14,000 ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ ಅರ್ಧದಷ್ಟು ಬತ್ತಿದಾಗ, 6,000 ಲೀಟರಿನ ಟ್ಯಾಂಕರಿಗೆ 5 ಕಿಲೋಮೀಟರ್ ಒಳಗೆ 600 ರೂಪಾಯಿ ಎಂದು ಸರ್ಕಾರವೇ ದರ ಕಟ್ಟಬೇಕಾಯಿತು. ದರಕ್ಕೆ ಮಿತಿ ಬಂತು, ಆ ನೀರಿನ ಗುಣಮಟ್ಟವನ್ನು ವಿಚಾರಿಸಿದವರು ಕಡಿಮೆ. ಜೆ.ಪಿ. ನಗರದ ಒಳ ಹಂತಗಳಲ್ಲಿ, ಬಿ.ಟಿ.ಎಂ.ನ ಅಪಾರ್ಟ್‌ಮೆಂಟುಗಳಲ್ಲಿ ಕಾವೇರಿ, ಬೋರು, ಟ್ಯಾಂಕರ್ ಮೂರೂ ಒಂದೇ ಸಂಪಿಗೆ ಬೀಳುತ್ತವೆ. ಇವತ್ತು ಅಳೆದ ಅಂಕಿ ನಾಳೆಗೆ ಸುಳ್ಳಾಗುತ್ತದೆ. ಜಾಗವಿದ್ದವರು ಕಾವೇರಿಗೇ ಪ್ರತ್ಯೇಕ ಸಂಪು ಮಾಡಿ, ಅಡುಗೆಮನೆಗೆ ಅದರದೇ ಕೊಳವೆ ಎಳೆದುಕೊಂಡರೆ ಅರ್ಧ ತಲೆನೋವು ಹೋದ ಹಾಗೆ. ಯಾವ ಫಿಲ್ಟರಿಗಿಂತಲೂ ಇದು ಹೆಚ್ಚು ಬಾಳುವ ಖರ್ಚು.

ಹಾಗಾದರೆ ಯಾವ ಫಿಲ್ಟರ್? ಸಂಪಿಗೆ ಯಾವ ನೀರು ಬೀಳುತ್ತದೆ ಎಂಬುದರ ಮೇಲೆ ಉತ್ತರ ನಿಂತಿದೆ.

ಬರೀ ಕಾವೇರಿ ನೀರು ಬರುವ ಮನೆಗೆ ಆರ್‌ಒ ಬೇಡ. ಅಲ್ಲಿರುವ ಭಯ ರೋಗಾಣುವಿನದು, ಲವಣದ್ದಲ್ಲ. ಕೆಸರು ತಡೆಯುವ ಒಂದು ಕ್ಯಾಂಡಲ್, ವಾಸನೆ ಮತ್ತು ಕೀಟನಾಶಕದಂಥ ವಸ್ತುಗಳನ್ನು ಹೀರುವ ಇದ್ದಿಲ ಪದರ, ಆಮೇಲೆ ಯುಎಫ್ ಅಥವಾ ಯುವಿ ಇದ್ದರೆ ಸಾಕು. ಯುಎಫ್ ಪೊರೆಯ ರಂಧ್ರ ಮಿಲಿಮೀಟರಿನ ಲಕ್ಷದಲ್ಲೊಂದು ಭಾಗದಷ್ಟು. ಬ್ಯಾಕ್ಟೀರಿಯಾ ಅದರಲ್ಲಿ ನುಸುಳಲಾರವು, ವೈರಸ್ಸುಗಳಲ್ಲೂ ಹೆಚ್ಚಿನವು ಸಿಕ್ಕಿಬೀಳುತ್ತವೆ; ಕರೆಂಟೂ ಬೇಡ, ನೀರೂ ಪೋಲಾಗದು. ಯುವಿ ದೀಪ ವೈರಸ್ಸನ್ನೂ ಕೊಲ್ಲುತ್ತದೆ, ಆದರೆ ನೀರು ತಿಳಿಯಾಗಿರಬೇಕು. ಕೆಸರು ಕಣದ ನೆರಳಿನಲ್ಲಿ ಅವಿತ ರೋಗಾಣುವಿಗೆ ಬೆಳಕು ತಾಕುವುದಿಲ್ಲ. ದೀಪ ಉರಿಯುತ್ತಿದೆಯೆಂದರೆ ಕೆಲಸ ಮಾಡುತ್ತಿದೆ ಎಂದೂ ಅಲ್ಲ. ವರ್ಷದ ಬಳಕೆಯಲ್ಲಿ ಅದರ ಶಕ್ತಿ ಕುಂದುತ್ತದೆ, ನೀಲಿ ಬೆಳಕು ಮಾತ್ರ ಹಾಗೇ ಕಾಣುತ್ತದೆ.

ಹಳೆಯ ಸ್ಟೀಲ್ ಫಿಲ್ಟರಿನ ಬಿಳಿ ಕ್ಯಾಂಡಲ್ ಬಗ್ಗೆ ಗೌರವವಿರಲಿ. ಬ್ಯಾಕ್ಟೀರಿಯಾಗಳನ್ನು ಅದು ಚೆನ್ನಾಗಿ ತಡೆಯುತ್ತದೆ. ಕಾಮಾಲೆ ತರುವ ವೈರಸ್ಸಿಗೆ ಮಾತ್ರ ಅದರ ರಂಧ್ರ ದೊಡ್ಡದಾಯಿತು. 1955–56ರ ಚಳಿಗಾಲದಲ್ಲಿ ದೆಹಲಿಯ ಕುಡಿಯುವ ನೀರಿಗೆ ಕೊಳಚೆ ಸೇರಿ ಸುಮಾರು 29,000 ಜನಕ್ಕೆ ಕಾಮಾಲೆಯಾಯಿತು. ಆಗ ಕ್ಲೋರಿನ್ ಹೆಚ್ಚಿಸಿದ್ದರಿಂದ ಟೈಫಾಯ್ಡ್‌ನಂಥ ಕಾಯಿಲೆಗಳು ತಡೆಯಲ್ಪಟ್ಟವು, ವೈರಸ್ ಮಾತ್ರ ದಾಟಿ ಬಂತು. ಅದಕ್ಕೇ ಕ್ಯಾಂಡಲ್ಲಿನಲ್ಲಿ ಸೋಸಿದ ನೀರನ್ನು ಕುದಿಸುವ ಹಳೆಯ ಪದ್ಧತಿ ಇಂದಿಗೂ ಸರಿ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 920 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುತ್ತದೆ. ರೋಗಾಣು ಸಾಯಲು ಅಷ್ಟು ಶಾಖ ಧಾರಾಳವಾಯಿತು. ನೀರು ಕೊತಕೊತ ಕುದಿಯತೊಡಗಿದ ಮೇಲೆ ಒಂದು ನಿಮಿಷ ಬಿಟ್ಟು ಇಳಿಸಬಹುದು. ಕಾಲು ಗಂಟೆ ಗ್ಯಾಸ್ ಉರಿಸಬೇಕಾಗಿಲ್ಲ.

ತಾಮ್ರದ ಚೊಂಬಿನ ನಂಬಿಕೆಗೂ ಆಧಾರವಿದೆ. ಬೆಂಗಳೂರಿನಲ್ಲೇ ನಡೆದು 2012ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ, ಭೇದಿ ತರುವ ಬ್ಯಾಕ್ಟೀರಿಯಾಗಳನ್ನು ಬೆರೆಸಿದ ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟಾಗ ಅವು ಸತ್ತಿದ್ದವು. ನೀರಿಗಿಳಿದ ತಾಮ್ರವೂ ಸುರಕ್ಷಿತ ಮಿತಿಯೊಳಗೇ ಇತ್ತು. ಅಜ್ಜಿಯರು ರಾತ್ರಿಯಿಡೀ ಇಡುತ್ತಿದ್ದ ಲೆಕ್ಕ ಅದಕ್ಕೆ ಹತ್ತಿರವೇ ಇದೆ. ಬಟ್ಟೆಯಲ್ಲಿ ಸೋಸುವುದನ್ನೂ ಹಗುರವಾಗಿ ಕಾಣಬೇಕಿಲ್ಲ. ಬಾಂಗ್ಲಾದೇಶದ 65 ಹಳ್ಳಿಗಳಲ್ಲಿ ರೀಟಾ ಕಾಲ್ವೆಲ್ ತಂಡ ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದ ಕಡೆ ಕಾಲರಾ ಶೇಕಡಾ 48ರಷ್ಟು ಇಳಿದಿತ್ತು. ಕಾಲರಾ ರೋಗಾಣು ಅಂಟಿಕೊಳ್ಳುವ ಸಣ್ಣ ಜಲಜೀವಿಗಳು ಬಟ್ಟೆಯಲ್ಲಿ ಸಿಕ್ಕಿಬೀಳುವುದೇ ಅದಕ್ಕೆ ಕಾರಣ. ಆದರೆ ಅಲ್ಲಿನ ಹೆಂಗಸರು ಪ್ರತಿ ಸಲ ಬಟ್ಟೆ ಒಗೆದು ಒಣಗಿಸುತ್ತಿದ್ದರು. ನಮ್ಮ ನಲ್ಲಿಗಳಿಗೆ ಕಟ್ಟಿದ ಬಟ್ಟೆ ತಿಂಗಳುಗಟ್ಟಲೆ ಬಿಚ್ಚದೆ ಲೋಳೆಗಟ್ಟಿರುತ್ತದೆ. ಹಾಗಿಡುವುದಕ್ಕಿಂತ ಕಟ್ಟದಿರುವುದು ಮೇಲು.

ಬೋರ್ ಅಥವಾ ಟ್ಯಾಂಕರ್ ನೀರನ್ನೇ ಕುಡಿಯಬೇಕಾದ ಮನೆಗೆ, ಪರೀಕ್ಷೆಯಲ್ಲಿ ನೈಟ್ರೇಟ್, ಫ್ಲೋರೈಡ್ ಅಥವಾ ಟಿಡಿಎಸ್ ಮಿತಿ ಮೀರಿದ್ದರೆ, ಆರ್‌ಒ ನಿಜಕ್ಕೂ ಬೇಕು. ಕರಗಿದ ಲವಣಗಳನ್ನು ತೆಗೆಯುವ ಶಕ್ತಿ ಅದಕ್ಕಿದೆ, ಇದ್ದಿಲು, ಯುಎಫ್, ಯುವಿಗಳಿಗಿಲ್ಲ. ಆದರೆ ಒಂದು ಸೂಕ್ಷ್ಮವನ್ನು ಮಾರುವವರು ಹೇಳುವುದಿಲ್ಲ. ‘ರುಚಿಗೆ’, ‘ಮಿನರಲ್‌ಗೆ’ ಎಂದು ಯಂತ್ರದಲ್ಲಿ ಒಂದು ಟಿಡಿಎಸ್ ಕಂಟ್ರೋಲರ್ ಇರುತ್ತದೆ. ಅದನ್ನು ತಿರುಗಿಸಿದಾಗ ಆರ್‌ಒ ಪೊರೆ ದಾಟದ ನೀರು ಸ್ವಲ್ಪ ಸ್ವಲ್ಪವಾಗಿ ಬೆರೆಯುತ್ತದೆ. ಅದರ ಜೊತೆ ನೈಟ್ರೇಟೂ ವಾಪಸು ಬರುತ್ತದೆ. ನೈಟ್ರೇಟಿನ ಕಾರಣಕ್ಕೆ ಆರ್‌ಒ ಕೊಂಡವರು ಆ ಗುಂಡಿಯನ್ನು ಮುಚ್ಚಿಸಿಬಿಡಬೇಕು. ಸಾಫ್ಟನರ್ ಎಂಬ ದೊಡ್ಡ ಸಿಲಿಂಡರು ಸ್ನಾನಕ್ಕೆ, ವಾಷಿಂಗ್ ಮಷೀನಿಗೆ ಒಳ್ಳೆಯದು. ಅದು ಕ್ಯಾಲ್ಸಿಯಂ ತೆಗೆದು ಸೋಡಿಯಂ ಕೊಡುತ್ತದೆ, ರೋಗಾಣುವಿಗೂ ನೈಟ್ರೇಟಿಗೂ ಏನೂ ಮಾಡದು.

ಆರ್‌ಒ ಬೇಡದ ಕಡೆ ಬೇಡವೆನ್ನಲು ಇನ್ನೊಂದು ಕಾರಣವಿದೆ. ಮನೆಯ ಸಾಧಾರಣ ಯಂತ್ರ ಒಂದು ಲೀಟರ್ ಕೊಡಲು ಸುಮಾರು ಮೂರು ಲೀಟರ್ ಹೊರಗೆ ಬಿಡುತ್ತದೆ. ಕುಡಿಯಲು, ಅಡುಗೆಗೆ ದಿನಕ್ಕೆ 20 ಲೀಟರ್ ಬಳಸುವ ಮನೆಯಲ್ಲಿ 60 ಲೀಟರ್ ಸಿಂಕಿಗೆ ಹೋಗುತ್ತದೆ. ವರ್ಷಕ್ಕೆ ಅದು 21,900 ಲೀಟರ್, ಅಂದರೆ 6,000 ಲೀಟರಿನ ಮೂರೂವರೆ ಟ್ಯಾಂಕರಿಗೂ ಹೆಚ್ಚು. ನೂರು ಕಿಲೋಮೀಟರ್ ದೂರದಿಂದ, ಐನೂರು ಮೀಟರ್ ಎತ್ತರಕ್ಕೆ ಕರೆಂಟು ಸುಟ್ಟು ತಂದ ನೀರದು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವ ಕಡೆ ಆರ್‌ಒ ನಿಷೇಧಿಸಬೇಕೆಂದು, ಉಳಿದ ಕಡೆ ಕನಿಷ್ಠ ಶೇಕಡಾ 60ರಷ್ಟು ನೀರು ಬಳಕೆಗೆ ಸಿಗಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ ತಿಂಗಳಲ್ಲೇ ಹೇಳಿತ್ತು. ಆರ್‌ಒ ಇಟ್ಟುಕೊಳ್ಳಲೇಬೇಕಾದವರು ಹೊರಬಿಟ್ಟ ನೀರನ್ನು ಬಕೆಟ್ಟಿನಲ್ಲಿ ಹಿಡಿದು ನೆಲ ಒರೆಸಲು, ಕಕ್ಕಸಿಗೆ ಸುರಿಯಲು ಬಳಸಬೇಕು. ಗಿಡಗಳಿಗೆ ದಿನವೂ ಹಾಕಿದರೆ ಮಣ್ಣು ಉಪ್ಪಾದೀತು.

ಸೀಸದ ಬಗ್ಗೆ ಒಂದು ಮಾತು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ದಶಕಗಳ ಕಾಲ ಸೀಸದ ವಿಷದ ಮೇಲೆ ಕೆಲಸ ಮಾಡಿ ದೇಶದ ಕಣ್ಣು ತೆರೆಸಿದರು. ಪಿವಿಸಿ ಕೊಳವೆಗಳಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ಕೇಂದ್ರದ ನಿಯಮಗಳು ಬಂದದ್ದು 2021ರಲ್ಲಿ. ಅದಕ್ಕೂ ಹಿಂದೆ ಕಟ್ಟಿದ ಮನೆಗಳ ಗೋಡೆಯೊಳಗೆ ಹಳೆಯ ಕೊಳವೆಗಳೇ ಇವೆ. ರಾತ್ರಿಯೆಲ್ಲ ಕೊಳವೆಯಲ್ಲಿ ನಿಂತ ನೀರನ್ನು ಬೆಳಿಗ್ಗೆ ಒಂದಿಷ್ಟು ಬಕೆಟ್ಟಿಗೆ ಬಿಟ್ಟು, ಆಮೇಲಿನದನ್ನು ಅಡುಗೆಗೆ ಹಿಡಿಯುವುದು ಸುಲಭದ ಎಚ್ಚರಿಕೆ.

ಇನ್ನು ಪರೀಕ್ಷೆ. ಒಂದೇ ಮಾದರಿ ಸಾಲದು, ಮೂರು ಬೇಕು: ಜಲಮಂಡಳಿಯ ಮೀಟರಿನ ಬಳಿ ಸಂಪಿಗೆ ಬೀಳುವ ಮೊದಲಿನದು, ಸಂಪಿನದು, ಅಡುಗೆಮನೆಯ ನಲ್ಲಿಯದು. ಮೊದಲನೆಯದರಲ್ಲೇ ಮಲದ ಸೋಂಕಿನ ಗುರುತಾದ ಇ-ಕೋಲಿ ಬ್ಯಾಕ್ಟೀರಿಯಾ ಸಿಕ್ಕಿದರೆ ತಪ್ಪು ಬೀದಿಯ ಕೊಳವೆಯಲ್ಲಿದೆ. ಜಲಮಂಡಳಿಯ 1916ಕ್ಕೆ ಫೋನ್ ಮಾಡಿ, ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಬೇಕು, ಬೀದಿಯ ಉಳಿದ ಮನೆಗಳಿಂದಲೂ ದೂರು ಕೊಡಿಸಬೇಕು. ಎರಡನೆಯದರಲ್ಲಿ ಸಿಕ್ಕಿದರೆ ಸಂಪು ಸೋರುತ್ತಿದೆ. ಮೂರನೆಯದರಲ್ಲಿ ಮಾತ್ರ ಸಿಕ್ಕಿದರೆ ಮೇಲಿನ ಟ್ಯಾಂಕು. ಮಾನ್ಯತೆ ಪಡೆದ ಯಾವುದೇ ಪ್ರಯೋಗಾಲಯದಲ್ಲಿ ಇ-ಕೋಲಿ, ನೈಟ್ರೇಟ್, ಫ್ಲೋರೈಡ್, ಗಡಸುತನ, ಟಿಡಿಎಸ್ ಇಷ್ಟನ್ನು ಕೇಳಿ ಮಾಡಿಸಿದರೆ ಸಾಕು. ರೋಗಾಣು ಪರೀಕ್ಷೆಗೆ ಅವರೇ ಕೊಡುವ ಬಾಟಲಿಯಲ್ಲಿ ನೀರು ಹಿಡಿದು, ಐಸ್ ಪಕ್ಕದಲ್ಲಿಟ್ಟು ಅದೇ ದಿನ ತಲುಪಿಸಬೇಕು. ಮನೆಯ ಹಳೆಯ ಬಾಟಲಿ ನಡೆಯದು. ಮನೆಯಲ್ಲೇ ನೋಡಿಕೊಳ್ಳಲು ಇನ್ನೊಂದು ದಾರಿ ಎಚ್₂ಎಸ್ ಸೀಸೆ. ನೀರು ತುಂಬಿಸಿಟ್ಟು ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ ಬಲವಾಯಿತೆಂದು ಅರ್ಥ. ಜಗತ್ತಿನ ಅನೇಕ ದೇಶಗಳು ಬಳಸುವ ಈ ಅಗ್ಗದ ಪರೀಕ್ಷೆಯನ್ನು 1982ರಲ್ಲಿ ರೂಪಿಸಿದ್ದು ಗ್ವಾಲಿಯರಿನ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿದ್ದ ಕೆ.ಎಸ್. ಮಂಜ ಮತ್ತು ಸಂಗಡಿಗರು.

ಸಂಪು, ಟ್ಯಾಂಕುಗಳನ್ನು ಆರು ತಿಂಗಳಿಗೊಮ್ಮೆಯಾದರೂ ಉಜ್ಜಿ ತೊಳೆಸಬೇಕು. ತೊಳೆದ ಮೇಲೆ ನೀರು ತುಂಬಿಸಿ, ಪ್ರತಿ 1,000 ಲೀಟರಿಗೆ ಸುಮಾರು 200 ಗ್ರಾಂ ಬ್ಲೀಚಿಂಗ್ ಪೌಡರನ್ನು ಮೊದಲು ಬಕೆಟ್ಟಿನಲ್ಲಿ ಕಲಸಿ, ಮೇಲಿನ ತಿಳಿಯನ್ನು ಸುರಿದು, ಒಂದು ಇಡೀ ದಿನ ಬಿಟ್ಟು ಪೂರ್ತಿ ಖಾಲಿ ಮಾಡಬೇಕು. ಆ ನೀರನ್ನು ಬಳಸಬಾರದು. ಸಂಪಿನೊಳಕ್ಕೆ ಯಾರನ್ನೂ ಒಬ್ಬಂಟಿಯಾಗಿ ಇಳಿಸಬಾರದು. ಮುಚ್ಚಳ ತೆಗೆದು ಗಾಳಿಯಾಡಲು ಬಿಡದೆ ಇಳಿದು ಉಸಿರುಗಟ್ಟಿ ಸತ್ತ ಬಡಪಾಯಿಗಳಿದ್ದಾರೆ. ಮುಚ್ಚಳವನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ ಕಟ್ಟೆ ಕಟ್ಟಿಸಲು ಒಬ್ಬ ಗಾರೆಯವನಿಗೆ ಒಂದು ದಿನದ ಕೆಲಸ. ಮಳೆನೀರು ಕೊಯ್ಲಿನ ಬಗ್ಗೆ ಯೋಚಿಸುವವರು ಜಯನಗರ 5ನೇ ಬ್ಲಾಕಿನಲ್ಲಿ ಜಲಮಂಡಳಿ ಕಟ್ಟಿರುವ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಕೇಂದ್ರಕ್ಕೆ ಹೋಗಿ ಬಂದರೆ ಮಾದರಿಗಳನ್ನು ಕಣ್ಣಾರೆ ನೋಡಬಹುದು. ಬೋರಿಗೆ ಇಂಗಿಸಿದ ಶುದ್ಧ ಮಳೆನೀರು ಗಡಸುತನವನ್ನೂ ನೈಟ್ರೇಟನ್ನೂ ತೆಳುಗೊಳಿಸುತ್ತದೆ.

ಇವೆಲ್ಲ ಸ್ವಂತ ಮನೆಯವರ ಕೈಯಲ್ಲಿರುವ ಮಾತು. ಬಿ.ಟಿ.ಎಂ. ಲೇಔಟಿನ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಬಾಡಿಗೆ ಮನೆಗಳಲ್ಲಿ ಇರುವ ಲಕ್ಷಾಂತರ ಜನ ತಾವು ಕುಡಿಯುವ ನೀರಿನ ಸಂಪನ್ನು ಒಮ್ಮೆಯೂ ನೋಡಿರುವುದಿಲ್ಲ. ಕಾರಿಡಾರಿನ ಆರ್‌ಒ ಯಂತ್ರಕ್ಕೆ ಕಡೆಯ ಸಲ ಸರ್ವೀಸ್ ಆದದ್ದು ಯಾವಾಗ ಎಂದು ಕೇಳುವ ಧೈರ್ಯ ಹೊಸದಾಗಿ ಊರಿಗೆ ಬಂದ ಹುಡುಗಿಗೆ ಇರುವುದಿಲ್ಲ. ಆ ಹೊಣೆ ಮಾಲೀಕರದು. ಹತ್ತು ತಿಂಗಳ ಅಡ್ವಾನ್ಸ್ ಕೇಳುವವರು ಬಾಡಿಗೆ ಕರಾರಿನ ಜೊತೆ ನೀರಿನ ಪರೀಕ್ಷಾ ವರದಿಯ ಒಂದು ಪ್ರತಿಯನ್ನೂ ಕೊಡಲಿ. ಅಪಾರ್ಟ್‌ಮೆಂಟ್ ಸಂಘಗಳು ವರ್ಷಕ್ಕೆರಡು ಸಲ, ಬೇಸಿಗೆಯ ನಡುವೆ ಒಮ್ಮೆ, ಮೊದಲ ದೊಡ್ಡ ಮಳೆ ಬಿದ್ದ ಮೇಲೆ ಒಮ್ಮೆ, ವರದಿಯನ್ನು ಲಿಫ್ಟಿನ ಪಕ್ಕದ ನೋಟಿಸ್ ಬೋರ್ಡಿಗೆ ಹಚ್ಚಲಿ. ಬಾಡಿಗೆದಾರರು ಅದನ್ನು ನಾಚಿಕೆಪಡದೆ ಕೇಳಲಿ.